ರೇಡ್ ಅರೇ ಕಾಣದಿದ್ದಾಗ: ಡಿಸ್ಕಿಗೆ ಬರೆಯುವ ಮೊದಲು ಓದಿ

ಲಿನಕ್ಸ್ ಸರ್ವರ್ ರೀಬೂಟ್ ಆಗಿದೆ, ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟಿದ ರೇಡ್ ಅರೇ, ಅಂದರೆ /ಡೆವ್/ಎಂಡಿ0, ಕಾಣುತ್ತಿಲ್ಲ, ಮೌಂಟ್ ಆಗಬೇಕಿದ್ದ ಡೈರೆಕ್ಟರಿ ಖಾಲಿ ಇದೆ. ಇಂಥ ಹೊತ್ತಿನಲ್ಲಿ ಡೇಟಾ ಬಹುಮಟ್ಟಿಗೆ ಡಿಸ್ಕುಗಳ ಮೇಲೆ ಇದ್ದಲ್ಲೇ ಇರುತ್ತದೆ. ಅದು ನಿಜವಾಗಿ ಹಾಳಾಗುವುದು ಆಮೇಲಿನ ಅರ್ಧ ಗಂಟೆಯಲ್ಲಿ, ಗಾಬರಿಯಿಂದ ಕೊಟ್ಟ ಕಮಾಂಡುಗಳಿಂದ. ಹಾಗಾಗಿ ಮೊದಲು ಮಾಡಬಾರದ್ದನ್ನೇ ಹೇಳುತ್ತೇನೆ.

ಲಿನಕ್ಸ್‌ನಲ್ಲಿ ರೇಡ್ ನಿಭಾಯಿಸುವ ಕಮಾಂಡು ಎಂಡಿಎಡಿಎಂ. ಎಂಡಿಎಡಿಎಂ --ಕ್ರಿಯೇಟ್ ಕೊಡಬೇಡಿ. "ಅರೇ ಇಲ್ಲವಲ್ಲ, ಅದೇ ಡಿಸ್ಕುಗಳಿಂದ ಮತ್ತೆ ಕಟ್ಟೋಣ" ಎಂದು ಅನಿಸುವುದು ಸಹಜ. ಆದರೆ ಅದು ಹಳೆಯ ಸೂಪರ್‌ಬ್ಲಾಕುಗಳನ್ನು (ಪ್ರತಿ ಡಿಸ್ಕಿನ ಮೇಲೆ ಬರೆದಿಟ್ಟ ಅರೇಯ ವಿವರ) ಅಳಿಸಿ ಹೊಸದನ್ನು ಬರೆಯುತ್ತದೆ. ರೇಡ್ 5 (ಒಂದು ಡಿಸ್ಕು ಹೋದರೂ ತಾಳುವ ಬಗೆ) ಆಗಿದ್ದರೆ ಪಟ್ಟಿಯ ಕೊನೆಯ ಡಿಸ್ಕನ್ನು ಸ್ಪೇರ್, ಅಂದರೆ ಬದಲಿ ಡಿಸ್ಕು, ಎಂದು ಹಿಡಿದು, ಉಳಿದವುಗಳಿಂದ ಲೆಕ್ಕ ಹಾಕಿ ಅದರ ಮೇಲೆ ರೀಬಿಲ್ಡ್ ಶುರುಮಾಡುತ್ತದೆ. ಡಿಸ್ಕುಗಳ ಕ್ರಮವೋ ಚಂಕ್ (ಒಂದೊಂದು ಡಿಸ್ಕಿಗೆ ಒಮ್ಮೆಗೆ ಹೋಗುವ ಡೇಟಾ ತುಂಡು) ಗಾತ್ರವೋ ಒಂದು ತಪ್ಪಿದರೂ ಆ ಡಿಸ್ಕಿನ ಮೇಲೆ ಕಸ ತುಂಬುತ್ತಾ ಹೋಗುತ್ತದೆ. ಎರಡನೆಯದು --ಆ್ಯಡ್. ಅರೇಯಿಂದ ಹೊರಬಿದ್ದ ಡಿಸ್ಕಿಗೆ --ಆ್ಯಡ್ ಕೊಟ್ಟರೆ ಅದು ಹೊಸ ಸ್ಪೇರ್ ಆಗಿ ಸೇರಬಹುದು. ತಾನು ಎಷ್ಟನೇ ಸ್ಥಾನದಲ್ಲಿತ್ತು ಎಂಬ ದಾಖಲೆ ಆಗ ಅಳಿಯುತ್ತದೆ. ರೇಡ್ 5ರಲ್ಲಿ ಎರಡು ಡಿಸ್ಕು ಹೊರಬಿದ್ದಿರುವಾಗ ಹೀಗೆ ಮಾಡಿದರೆ ಸುಲಭದ ದಾರಿ ಮುಚ್ಚಿಹೋಗುತ್ತದೆ. ಮೂರನೆಯದು, ಅರೇ ಪೂರ್ತಿ ಎದ್ದಿದೆ ಎಂದು ಖಚಿತವಾಗುವ ಮೊದಲೇ ಫೈಲ್‌ಸಿಸ್ಟಮ್ ಪರೀಕ್ಷಿಸಿ ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಓಡಿಸುವುದು. ತಪ್ಪಾಗಿ ಜೋಡಿಸಿದ ಅರೇ ಮೇಲೆ ಎಫ್‌ಎಸ್‌ಸಿಕೆ ಮಾಡುವ "ದುರಸ್ತಿ"ಯೆಲ್ಲ ಹಾನಿಯೇ.

ಇಲ್ಲಿ ಕಮಾಂಡುಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ, ರೂಟ್ ಆಗಿ ಕೊಡಬೇಕು.

ಅರೇಯನ್ನು ಎಬ್ಬಿಸುವುದು ಯಾರು?

ಇದು ಗೊತ್ತಿದ್ದರೆ ಅರ್ಧ ಸಮಸ್ಯೆ ಅಲ್ಲೇ ಬಿಡಿಸಿಕೊಳ್ಳುತ್ತದೆ. ಹಿಂದೆ ಈ ಕೆಲಸವನ್ನು ಕರ್ನಲ್ಲೇ ಮಾಡುತ್ತಿತ್ತು: ಪಾರ್ಟಿಷನ್ ಟೈಪ್ ಎಫ್‌ಡಿ ಎಂದಿರಬೇಕು, ಸೂಪರ್‌ಬ್ಲಾಕ್ 0.90 ಆವೃತ್ತಿಯದಾಗಿರಬೇಕು, ಎಂಡಿ ಡ್ರೈವರ್ ಮಾಡ್ಯೂಲ್ ಆಗಿರದೆ ಕರ್ನಲ್ ಒಳಗೇ ಸೇರಿರಬೇಕು. ಈ ಮೂರೂ ಇದ್ದರೆ ಬೂಟ್ ಸಮಯದಲ್ಲಿ ಅರೇ ತಾನಾಗಿ ಏಳುತ್ತಿತ್ತು. ಇಂದಿನ ಅರೇಗಳಿಗೆ ಇದು ಅನ್ವಯಿಸುವುದಿಲ್ಲ. ಈಗ ಎಂಡಿಎಡಿಎಂ ಕೊಡುವ ಡಿಫಾಲ್ಟ್ ಆವೃತ್ತಿ 1.2, ಕರ್ನಲ್ ಅದನ್ನು ತಾನಾಗಿ ಹುಡುಕುವುದಿಲ್ಲ. "ಟೈಪನ್ನು ಎಫ್‌ಡಿ ಮಾಡಿ, ಸರಿಹೋಗುತ್ತದೆ" ಎಂಬ ಹಳೆಯ ಸಲಹೆ ಈಗಲೂ ಅಲ್ಲಲ್ಲಿ ಓಡಾಡುತ್ತಿದೆ. 1.2 ಅರೇಗೆ ಅದರಿಂದ ಪ್ರಯೋಜನವಿಲ್ಲ.

ಈಗ ನಡೆಯುವುದು ಹೀಗೆ. ಡಿಸ್ಕು ಪತ್ತೆಯಾಗುತ್ತಿದ್ದಂತೆ ಯುಡೆವ್ (ಹೊಸ ಸಾಧನಗಳನ್ನು ನಿಭಾಯಿಸುವ ಲಿನಕ್ಸ್ ಸೇವೆ) ಅದರ ಮೇಲಿನ ಸಿಗ್ನೇಚರ್ ಓದುತ್ತದೆ. "ಲಿನಕ್ಸ್ ರೇಡ್ ಮೆಂಬರ್" ಎಂದು ಕಂಡರೆ ಎಂಡಿಎಡಿಎಂ ಅನ್ನು --ಇನ್‌ಕ್ರಿಮೆಂಟಲ್ ರೀತಿಯಲ್ಲಿ ಕರೆಯುತ್ತದೆ. ಒಂದೊಂದೇ ಸದಸ್ಯ ಬಂದು ಸೇರುತ್ತಾ, ಸಾಕಷ್ಟಾದಾಗ ಅರೇ ಚಾಲೂ ಆಗುತ್ತದೆ. ಎಲ್ಲ ಸದಸ್ಯರೂ ಬರದಿದ್ದರೆ ಸಿಸ್ಟಮ್‌ಡಿ ಇರುವ ಕಡೆ 30 ಸೆಕೆಂಡಿನ "ಲಾಸ್ಟ್ ರಿಸಾರ್ಟ್" ಟೈಮರ್ ಕಾಯುತ್ತದೆ, ಆಮೇಲೆ ಸಾಧ್ಯವಿದ್ದರೆ ಕೊರತೆಯಲ್ಲೇ, ಅಂದರೆ ಡಿಗ್ರೇಡೆಡ್ ಆಗಿ ಎಬ್ಬಿಸುತ್ತದೆ. ರೂಟ್ ಫೈಲ್‌ಸಿಸ್ಟಮ್ಮೇ ರೇಡ್ ಮೇಲಿದ್ದರೆ ಇದೆಲ್ಲ ಇನಿಟ್‌ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಮೆಮರಿಗೆ ಬರುವ ಪುಟ್ಟ ಫೈಲ್‌ಸಿಸ್ಟಮ್) ಒಳಗೆ ನಡೆಯಬೇಕು. ಹಾಗಾಗಿ ಅದರೊಳಗೆ ಎಂಡಿಎಡಿಎಂ, ಅದರ ಕಾನ್ಫಿಗ್ ಫೈಲು, ಕಂಟ್ರೋಲರ್ ಡ್ರೈವರ್, ರೇಡ್ ಮಟ್ಟದ ಮಾಡ್ಯೂಲ್ ಇಷ್ಟೂ ಇರಬೇಕು.

ಡಿಸ್ಕು, ಪಾರ್ಟಿಷನ್, ಸೂಪರ್‌ಬ್ಲಾಕ್, ಯುಡೆವ್, ಜೋಡಣೆ, ಫೈಲ್‌ಸಿಸ್ಟಮ್: ಸರಪಳಿ ಇಷ್ಟೇ. ಯಾವ ಕೊಂಡಿ ಕಳಚಿದೆ ಎಂದು ಹುಡುಕುವುದಕ್ಕೆ ಒಂದು ಬೈಟ್ ಕೂಡ ಬರೆಯಬೇಕಾಗಿಲ್ಲ.

ಮೊದಲು ಓದಬೇಕಾದವು

ಕ್ಯಾಟ್ /ಪ್ರಾಕ್/ಎಂಡಿಸ್ಟ್ಯಾಟ್
ಎಲ್‌ಎಸ್‌ಬಿಎಲ್‌ಕೆ -ಒ ನೇಮ್,ಸೈಜ್,ಎಫ್‌ಎಸ್‌ಟೈಪ್,ಯುಯುಐಡಿ,ಸೀರಿಯಲ್
ಎಂಡಿಎಡಿಎಂ --ಎಕ್ಸಾಮಿನ್ /ಡೆವ್/ಎಸ್‌ಡಿಬಿ1
ಜರ್ನಲ್‌ಸಿಟಿಎಲ್ -ಬಿ -ಕೆ

ಮೂರನೆಯದನ್ನು ಪ್ರತಿ ಸದಸ್ಯ ಪಾರ್ಟಿಷನ್‌ಗೂ ಕೊಟ್ಟು, ನಾಲ್ಕರ ಔಟ್‌ಪುಟ್ಟನ್ನೂ ಒಂದು ಫೈಲಿಗೆ ಉಳಿಸಿ, ಆ ಫೈಲನ್ನು ಬೇರೆ ಯಂತ್ರಕ್ಕೆ ಕಾಪಿ ಮಾಡಿಕೊಳ್ಳಿ. ಮುಂದೆ ಏನೇ ತಪ್ಪಾದರೂ ಅರೇಯನ್ನು ಮರಳಿ ಕಟ್ಟಲು ಬೇಕಾದ ನಕ್ಷೆ ಅದೊಂದೇ. ಡಿಸ್ಕುಗಳ ಸೀರಿಯಲ್ ನಂಬರನ್ನೂ ಜೊತೆಗೆ ಬರೆದಿಟ್ಟುಕೊಳ್ಳಿ, ಯಾಕೆಂದರೆ ಎಸ್‌ಡಿಬಿ, ಎಸ್‌ಡಿಸಿ ಎಂಬ ಹೆಸರುಗಳು ಬೂಟ್‌ನಿಂದ ಬೂಟ್‌ಗೆ ಅದಲುಬದಲಾಗುತ್ತವೆ. ಇನ್ನೊಂದು ಮಾತು: --ಎಕ್ಸಾಮಿನ್ ಇರುವುದು ಸದಸ್ಯ ಡಿಸ್ಕಿಗೆ, --ಡೀಟೇಲ್ ಇರುವುದು ಅರೇಗೆ. ಎರಡನ್ನು ಅದಲುಬದಲು ಕೊಟ್ಟು "ಸೂಪರ್‌ಬ್ಲಾಕ್ ಇಲ್ಲ" ಎಂಬ ಉತ್ತರ ನೋಡಿ ಹೆದರುವವರು ಬಹಳ ಮಂದಿ. ಪಾರ್ಟಿಷನ್ ಮೇಲೆ ಕಟ್ಟಿದ ಅರೇಗೆ ಎಸ್‌ಡಿಬಿ ಎಂದಷ್ಟೇ ಕೊಟ್ಟರೆ ಪಾರ್ಟಿಷನ್ ಟೇಬಲ್ ವಿವರ ಮಾತ್ರ ಬರುತ್ತದೆ. ಎಸ್‌ಡಿಬಿ1 ಎಂದು ಕೊಡಬೇಕು.

ಅರೇ ಇದೆ, ಹೆಸರು ಮಾತ್ರ ಬದಲಾಗಿದೆ

ಎಂಡಿಸ್ಟ್ಯಾಟ್‌ನಲ್ಲಿ ಎಂಡಿ0 ಬದಲು ಎಂಡಿ127 ಆಕ್ಟಿವ್ ಎಂದು ಕಂಡರೆ ಉಸಿರು ಬಿಡಿ, ಏನೂ ಕೆಟ್ಟಿಲ್ಲ. ಕಾನ್ಫಿಗ್ ಫೈಲಿನಲ್ಲಿ ಈ ಅರೇಯ ಸಾಲಿಲ್ಲ, ಅಥವಾ ಅರೇ ಕಟ್ಟಿದಾಗ ಇದ್ದ ಹೋಸ್ಟ್‌ನೇಮ್ ಈಗಿನದಕ್ಕೆ ಹೊಂದುತ್ತಿಲ್ಲ. ಆಗ ಎಂಡಿಎಡಿಎಂ ಇದನ್ನು ಹೊರಗಿನ ಅರೇ ಎಂದು ಬಗೆದು 127ರಿಂದ ಕೆಳಕ್ಕೆ ನಂಬರ್ ಕೊಡುತ್ತಾ ಬರುತ್ತದೆ. ಬೇರೆ ಯಂತ್ರದಿಂದ ತಂದ ಡಿಸ್ಕುಗಳಲ್ಲಿ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿದಾಗ, ಹೋಸ್ಟ್‌ನೇಮ್ ಬದಲಿಸಿದ ಮೇಲೆ ಇದು ಮಾಮೂಲು. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಏನನ್ನು ಮೌಂಟ್ ಮಾಡಬೇಕೆಂಬ ಪಟ್ಟಿ) /ಡೆವ್/ಎಂಡಿ0 ಎಂದು ಬರೆದಿದ್ದರೆ ಮೌಂಟ್ ಆಗದಿರುವುದಕ್ಕೆ ಇದೇ ಕಾರಣ. ಕಾನ್ಫಿಗ್‌ಗೆ ಯುಯುಐಡಿ (ಅರೇಯ ವಿಶಿಷ್ಟ ಗುರುತು ಸಂಖ್ಯೆ) ಸಹಿತ ಅರೇ ಸಾಲು ಸೇರಿಸಿ ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿದರೆ ಹಳೆಯ ಹೆಸರು ಬರುತ್ತದೆ. ಅದರ ವಿವರ ಕೊನೆಯಲ್ಲಿದೆ.

ಹೆಸರಿನ ಪಕ್ಕ "ಆಟೋ-ರೀಡ್-ಓನ್ಲಿ" ಎಂದೋ "ರೀಸಿಂಕ್=ಪೆಂಡಿಂಗ್" ಎಂದೋ ಇದ್ದರೂ ದೋಷವಲ್ಲ. ಮೊದಲ ಸಲ ಏನಾದರೂ ಬರೆಯುವ ತನಕ ಅರೇ ಆ ಸ್ಥಿತಿಯಲ್ಲಿ ಕಾಯುತ್ತದೆ. ಡೇಟಾ ಮೇಲೆ ಅನುಮಾನ ಇರುವಾಗ ಅದು ಒಳ್ಳೆಯದೇ, ಹಾಗೇ ಬಿಡಿ.

ಇನ್‌ಆಕ್ಟಿವ್, ಎಲ್ಲರೂ ಸ್ಪೇರ್

ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಎಂಡಿಸ್ಟ್ಯಾಟ್ ಹೀಗೆ ತೋರಿಸುತ್ತದೆ:

ಎಂಡಿ127 : ಇನ್‌ಆಕ್ಟಿವ್ ಎಸ್‌ಡಿಡಿ1[3](ಎಸ್) ಎಸ್‌ಡಿಸಿ1[2](ಎಸ್) ಎಸ್‌ಡಿಬಿ1[1](ಎಸ್)

ಎಸ್ ಎಂದರೆ ಸ್ಪೇರ್. "ನನ್ನ ಡಿಸ್ಕುಗಳೆಲ್ಲ ಸ್ಪೇರ್ ಆಗಿಬಿಟ್ಟವೇ" ಎಂದು ಗಾಬರಿಯಾಗಬೇಡಿ. ಅರೇ ಇನ್ನೂ ಚಾಲೂ ಆಗದಿರುವುದರಿಂದ ಯಾರಿಗೂ ಪಾತ್ರ ಹಂಚಿಲ್ಲ, ಅಷ್ಟಕ್ಕೇ ಆ ಗುರುತು. ಯುಡೆವ್ ಸಿಕ್ಕವರನ್ನು ಒಟ್ಟುಮಾಡಿ, ಸಾಕಷ್ಟಿಲ್ಲ ಎಂದು ನಿಂತಿದೆ. ಈ ಅರೆಬರೆ ಅರೇ ಡಿಸ್ಕುಗಳನ್ನು ಹಿಡಿದುಕೊಂಡೇ ಇರುತ್ತದೆ. ಅದನ್ನು ಬಿಡಿಸದೆ ಅಸೆಂಬಲ್ ಕೊಟ್ಟರೆ "ಬ್ಯುಸಿ - ಸ್ಕಿಪ್ಪಿಂಗ್" ಎಂಬ ಉತ್ತರ ಖಚಿತ. ಮೊದಲು ನಿಲ್ಲಿಸಿ, ಆಮೇಲೆ ಜೋಡಿಸಿ:

ಎಂಡಿಎಡಿಎಂ --ಸ್ಟಾಪ್ /ಡೆವ್/ಎಂಡಿ127
ಎಂಡಿಎಡಿಎಂ --ಅಸೆಂಬಲ್ --ವರ್ಬೋಸ್ /ಡೆವ್/ಎಂಡಿ0 /ಡೆವ್/ಎಸ್‌ಡಿ[ಎಬಿಸಿಡಿ]1

--ವರ್ಬೋಸ್ ಬಿಡಬೇಡಿ, ಯಾವ ಡಿಸ್ಕನ್ನು ಯಾಕೆ ಕೈಬಿಟ್ಟಿತು ಎಂದು ಸಾಲು ಸಾಲಾಗಿ ಹೇಳುತ್ತದೆ. "ಪಾಸಿಬ್ಲಿ ಔಟ್ ಆಫ್ ಡೇಟ್" ಎಂದು ಬಂದರೆ ಈವೆಂಟ್ ಕೌಂಟ್ ನೋಡುವ ಸಮಯ ಬಂತು.

ಅರೇಯ ಸ್ಥಿತಿ ಬದಲಾದಾಗಲೆಲ್ಲ ಪ್ರತಿ ಸೂಪರ್‌ಬ್ಲಾಕ್‌ನಲ್ಲಿರುವ ಈವೆಂಟ್ ಸಂಖ್ಯೆ ಏರುತ್ತದೆ. ಹೊರಬಿದ್ದ ಡಿಸ್ಕಿನ ಸಂಖ್ಯೆ ಅಲ್ಲೇ ನಿಲ್ಲುತ್ತದೆ. ನಾಲ್ಕು ಡಿಸ್ಕಿನ ರೇಡ್ 5 ಒಂದರಲ್ಲಿ --ಎಕ್ಸಾಮಿನ್ ಹೀಗೆ ತೋರಿಸಿತು ಎಂದುಕೊಳ್ಳಿ: ಎಸ್‌ಡಿಎ1 48211, ಎಸ್‌ಡಿಬಿ1 48211, ಎಸ್‌ಡಿಸಿ1 48209, ಎಸ್‌ಡಿಡಿ1 31877. ಇದರಿಂದ ಇಡೀ ಕಥೆ ತಿಳಿಯುತ್ತದೆ. ಎಸ್‌ಡಿಡಿ1 ಬಹಳ ಹಿಂದೆಯೇ ಹೊರಬಿದ್ದಿದೆ, ಯಾರೂ ಗಮನಿಸಿಲ್ಲ. ಮೊನ್ನೆ ಎಸ್‌ಡಿಸಿ1 ಕೂಡ ಕ್ಷಣಕಾಲ ಕೈಕೊಟ್ಟಿತು, ಅರೇ ಬಿದ್ದಿತು. ಎಸ್‌ಡಿಸಿ1ರ ವ್ಯತ್ಯಾಸ ಎರಡೇ ಈವೆಂಟಿನದು, ಅದರ ಮೇಲಿನ ಡೇಟಾ ಹೆಚ್ಚುಕಡಿಮೆ ಪೂರ್ತಿ ಹೊಸದು. ಎಸ್‌ಡಿಡಿ1 ಹಳಸಿದ ಡೇಟಾ. ಅದನ್ನು ಸೇರಿಸಿದರೆ ಪ್ರತಿ ಸ್ಟ್ರೈಪ್‌ನಲ್ಲೂ ಹಳೆಯದೂ ಹೊಸದೂ ಬೆರೆಯುತ್ತದೆ. ಆದ್ದರಿಂದ ಮೊದಲ ಮೂರನ್ನೇ ಹೆಸರಿಸಿ:

ಎಂಡಿಎಡಿಎಂ --ಅಸೆಂಬಲ್ --ಫೋರ್ಸ್ --ವರ್ಬೋಸ್ /ಡೆವ್/ಎಂಡಿ0 /ಡೆವ್/ಎಸ್‌ಡಿಎ1 /ಡೆವ್/ಎಸ್‌ಡಿಬಿ1 /ಡೆವ್/ಎಸ್‌ಡಿಸಿ1

--ಫೋರ್ಸ್ ಹಿಂದುಳಿದ ಡಿಸ್ಕಿನ ಈವೆಂಟ್ ಸಂಖ್ಯೆಯನ್ನು ಮುಂದಕ್ಕೆ ತಂದು ಸೇರಿಸಿಕೊಳ್ಳುತ್ತದೆ. ಅಂದರೆ ಇದು ಸೂಪರ್‌ಬ್ಲಾಕ್‌ಗೆ ಬರೆಯುವ ಕ್ರಿಯೆ, ಮೇಲೆ ಹೇಳಿದ ಔಟ್‌ಪುಟ್ ಫೈಲು ಕೈಯಲ್ಲಿಲ್ಲದೆ ಕೊಡಬೇಡಿ. "ಡರ್ಟಿ ಡಿಗ್ರೇಡೆಡ್" ಎಂಬ ಕಾರಣ ಹೇಳಿ ಕರ್ನಲ್ ನಿರಾಕರಿಸಿದಾಗಲೂ ಇದೇ ಮದ್ದು: ಕರೆಂಟು ಹೋಗಿ ಅರೇ ಸರಿಯಾಗಿ ಮುಚ್ಚಿಕೊಳ್ಳದೆ, ಜೊತೆಗೆ ಒಂದು ಡಿಸ್ಕೂ ಇಲ್ಲದಿದ್ದರೆ ಪ್ಯಾರಿಟಿಯನ್ನು (ಇಲ್ಲದ ಡಿಸ್ಕಿನ ಡೇಟಾ ಲೆಕ್ಕ ಹಾಕಲು ಇಟ್ಟ ಮಾಹಿತಿ) ನಂಬುವಂತಿಲ್ಲ ಎಂದು ಅದು ತಾನಾಗಿ ಏಳುವುದಿಲ್ಲ.

ಈ ಪರಿಶೀಲನೆಯಲ್ಲಿ ಕಣ್ಣು ತಪ್ಪುವ ಒಂದು ಸಾಲಿದೆ, "ಅರೇ ಸ್ಟೇಟ್". ಮೇಲಿನ ಉದಾಹರಣೆಯಲ್ಲಿ ಎಸ್‌ಡಿಎ1 "ಎಎ.." ಎಂದು, ಅಂದರೆ ಇಬ್ಬರಿದ್ದಾರೆ ಇಬ್ಬರಿಲ್ಲ ಎಂದು ತೋರಿಸುತ್ತದೆ. ಹಿಂದೆಯೇ ಹೊರಬಿದ್ದ ಎಸ್‌ಡಿಡಿ1 ಮಾತ್ರ "ಎಎಎಎ" ಎಂದು ಎಲ್ಲ ಸರಿಯಿದೆ ಎನ್ನುತ್ತದೆ! ಹೊರಬಿದ್ದ ಮೇಲೆ ಅದರ ಸೂಪರ್‌ಬ್ಲಾಕ್‌ಗೆ ಯಾರೂ ಬರೆದಿಲ್ಲ, ಹಾಗಾಗಿ ತಾನು ಹೊರಬಿದ್ದದ್ದೇ ಅದಕ್ಕೆ ಗೊತ್ತಿಲ್ಲ. ಎಲ್ಲಕ್ಕಿಂತ ಆರೋಗ್ಯವಾಗಿ ಕಾಣುವ ಸೂಪರ್‌ಬ್ಲಾಕ್ ಎಲ್ಲಕ್ಕಿಂತ ಹಳೆಯ ಡಿಸ್ಕಿನದಾಗಿರುತ್ತದೆ. "ಅಪ್‌ಡೇಟ್ ಟೈಮ್" ಸಾಲನ್ನು ಜೊತೆಗಿಟ್ಟು ಓದಿದರೆ ಮೋಸಹೋಗುವುದಿಲ್ಲ.

ಎದ್ದ ಮೇಲೆ ತಕ್ಷಣ ಮೌಂಟ್ ಮಾಡದೆ ಮೊದಲು ಎಫ್‌ಎಸ್‌ಸಿಕೆ -ಎನ್ ಕೊಡಿ. ಅದು ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್_ರಿಪೇರ್ -ಎನ್. ಆಮೇಲೆ ರೀಡ್-ಓನ್ಲಿ ಮೌಂಟ್: ಎಕ್ಸ್‌ಟಿ4ಗೆ ಆರ್‌ಒ,ನೋಲೋಡ್, ಎಕ್ಸ್‌ಎಫ್‌ಎಸ್‌ಗೆ ಆರ್‌ಒ,ನೋರಿಕವರಿ. ಈ ಎರಡನೇ ಪದ ಇಲ್ಲದಿದ್ದರೆ ಆರ್‌ಒ ಮೌಂಟ್ ಕೂಡ ಜರ್ನಲ್ ಓಡಿಸಿ ಡಿಸ್ಕಿಗೆ ಬರೆಯುತ್ತದೆ. ಬ್ಯಾಕಪ್ ತೆಗೆದ ಮೇಲೆಯೇ ಹೊಸ ಡಿಸ್ಕು ಸೇರಿಸಿ ರೀಬಿಲ್ಡ್ ಮಾಡಿ. ಒಮ್ಮೆ ಕೈಕೊಟ್ಟ ಎಸ್‌ಡಿಸಿ ಮೇಲೆ ಗಂಟೆಗಟ್ಟಲೆ ರೀಬಿಲ್ಡ್ ಹೊರೆ ಹಾಕುವ ಮೊದಲು ಸ್ಮಾರ್ಟ್‌ಸಿಟಿಎಲ್ -ಎ ನೋಡಿ. 5, 197, 198 ನಂಬರಿನ ಅಟ್ರಿಬ್ಯೂಟುಗಳು ಏರಿದ್ದರೆ ಪ್ಲ್ಯಾಟರ್‌ನಲ್ಲೇ ತೊಂದರೆ. ಆಗ ಡಿಡಿರೆಸ್ಕ್ಯೂನಿಂದ ಆ ಡಿಸ್ಕನ್ನು ಹೊಸದಕ್ಕೆ ನಕಲು ಮಾಡಿ, ನಕಲಿನಿಂದ ಜೋಡಿಸಿ. 199 ಮಾತ್ರ ಏರಿದ್ದರೆ ಬಹುತೇಕ ಸಾಟಾ ಕೇಬಲ್ಲಿನ ತೊಂದರೆ.

ಡಿಸ್ಕು ಒಳ್ಳೆಯದಿದ್ದೂ ಹೊರಬೀಳುವ ಇನ್ನೊಂದು ಕಾರಣವಿದೆ. ಡೆಸ್ಕ್‌ಟಾಪ್ ಡಿಸ್ಕುಗಳು ಓದಲಾಗದ ಸೆಕ್ಟರ್ ಸಿಕ್ಕಾಗ ಬಹಳ ಹೊತ್ತು ಪ್ರಯತ್ನಿಸುತ್ತಲೇ ಇರುತ್ತವೆ, ಕರ್ನಲ್ 30 ಸೆಕೆಂಡಿಗೆ ಬೇಸತ್ತು ಲಿಂಕ್ ರೀಸೆಟ್ ಮಾಡುತ್ತದೆ, ಎಂಡಿ ಡಿಸ್ಕನ್ನು ಹೊರಹಾಕುತ್ತದೆ. ಡಿಸ್ಕಿಗೆ ಸೌಲಭ್ಯ ಇದ್ದರೆ ಸ್ಮಾರ್ಟ್‌ಸಿಟಿಎಲ್ -ಎಲ್ ಎಸ್‌ಸಿಟಿಇಆರ್‌ಸಿ,70,70 ಕೊಟ್ಟು 7 ಸೆಕೆಂಡಿನ ಮಿತಿ ಹಾಕಿ. ಇಲ್ಲದಿದ್ದರೆ /ಸಿಸ್/ಬ್ಲಾಕ್/ಎಸ್‌ಡಿಸಿ/ಡಿವೈಸ್/ಟೈಮ್‌ಔಟ್ ಫೈಲಿನಲ್ಲಿ 180 ಬರೆಯಿರಿ. ಎರಡೂ ಪ್ರತಿ ಬೂಟ್‌ನಲ್ಲಿ ಮತ್ತೆ ಹಾಕುವಂತೆ ವ್ಯವಸ್ಥೆ ಮಾಡಬೇಕು.

ಎಂಡಿಸ್ಟ್ಯಾಟ್ ಪೂರ್ತಿ ಖಾಲಿ

ಮೊದಲ ಪ್ರಶ್ನೆ, ಡಿಸ್ಕುಗಳೇ ಕಾಣುತ್ತಿವೆಯೇ? ಎಲ್‌ಎಸ್‌ಬಿಎಲ್‌ಕೆಯಲ್ಲಿ ಇಲ್ಲದಿದ್ದರೆ ಎಂಡಿಎಡಿಎಂ ಏನೂ ಮಾಡಲಾರದು. ಬಯಾಸ್ ಅಪ್‌ಡೇಟ್ ಆದ ಮೇಲೆ ಸಾಟಾ ಮೋಡ್ ಎಎಚ್‌ಸಿಐನಿಂದ ರೇಡ್‌ಗೆ ಹಾರಿರಬಹುದು, ಇಂಟೆಲ್ ವಿಎಂಡಿ ಆನ್ ಆಗಿರಬಹುದು. ವಿಎಂಡಿ ಹಿಂದಿನ ಎನ್‌ವಿಎಂಇ ಡಿಸ್ಕು ಕಾಣಬೇಕಾದರೆ ವಿಎಂಡಿ ಮಾಡ್ಯೂಲ್ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿರಬೇಕು. ಎರಡು ಡಿಸ್ಕು ಬೋರ್ಡಿನ ಪೋರ್ಟಿನಲ್ಲಿ, ಇನ್ನೆರಡು ಎಚ್‌ಬಿಎ (ಹೆಚ್ಚು ಡಿಸ್ಕು ಜೋಡಿಸುವ) ಕಾರ್ಡಿನಲ್ಲಿ ಇರುವ ಕಡೆ ಕಾರ್ಡಿನ ಡ್ರೈವರ್ ತಡವಾಗಿ ಬಂದು ಅರೆಬರೆ ಅರೇ ಆಗುವುದುಂಟು. ಎಲ್ಲ ಡಿಸ್ಕೂ ಕೈಯಲ್ಲಿ ಜೋಡಿಸಿದರೆ ತಕ್ಷಣ ಏಳುತ್ತದೆ, ಬೂಟ್‌ನಲ್ಲಿ ಮಾತ್ರ ಏಳುವುದಿಲ್ಲ ಎಂದಾದರೆ ಅನುಮಾನ ಇದರ ಮೇಲೆಯೇ ಇರಲಿ.

ಡಿಸ್ಕು ಕಾಣುತ್ತಿದೆ, --ಎಕ್ಸಾಮಿನ್ ಸೂಪರ್‌ಬ್ಲಾಕ್ ತೋರಿಸುತ್ತಿದೆ, ಆದರೂ ಯುಡೆವ್ ಕೈಹಾಕುತ್ತಿಲ್ಲ ಎಂದರೆ ಅದೇ ಡಿಸ್ಕಿನಲ್ಲಿ ಇನ್ನೊಂದು ಸಿಗ್ನೇಚರ್ ಉಳಿದಿರಬಹುದು. ಹಿಂದೆ ಝಡ್‌ಎಫ್‌ಎಸ್‌ನಲ್ಲೋ ಮದರ್‌ಬೋರ್ಡಿನ ರೇಡ್‌ನಲ್ಲೋ ಬಳಸಿದ ಡಿಸ್ಕುಗಳಲ್ಲಿ ಇದು ಸಾಮಾನ್ಯ. ಎರಡು ಗುರುತು ಕಂಡರೆ ಸಿಗ್ನೇಚರ್ ಓದುವ ಬಿಎಲ್‌ಕೆಐಡಿ ಯಾವುದನ್ನೂ ಹೇಳದೆ ಸುಮ್ಮನಾಗಬಹುದು, ಆಗ ಯುಡೆವ್‌ಗೆ ಅದು ಖಾಲಿ ಡಿಸ್ಕು. ವೈಪ್‌ಎಫ್‌ಎಸ್ ಅನ್ನು ಯಾವ ಆಯ್ಕೆಯೂ ಇಲ್ಲದೆ ಡಿಸ್ಕಿನ ಹೆಸರಷ್ಟೇ ಕೊಟ್ಟು ಓಡಿಸಿ. ಆಗ ಅದು ಪಟ್ಟಿ ಮಾತ್ರ ಕೊಡುತ್ತದೆ. -ಎ ಸೇರಿಸಿದರೆ ಎಲ್ಲವನ್ನೂ ಅಳಿಸುತ್ತದೆ, ನಿಮ್ಮ ರೇಡ್ ಗುರುತನ್ನೂ ಸೇರಿಸಿ; ಕೈ ತಪ್ಪದಂತೆ ಎಚ್ಚರ. ಬೇಡದ ಗುರುತಿನ ಆಫ್‌ಸೆಟ್ ನೋಡಿಕೊಂಡು --ಬ್ಯಾಕಪ್ ಜೊತೆಗೆ -ಒ ಕೊಟ್ಟು ಅದೊಂದನ್ನೇ ತೆಗೆಯಿರಿ. ಅಳಿಸಿದ ಬೈಟುಗಳು ಹೋಮ್ ಡೈರೆಕ್ಟರಿಯ ಫೈಲಿನಲ್ಲಿ ಉಳಿಯುತ್ತವೆ.

ಅಸೆಂಬಲ್ ಕೊಟ್ಟಾಗ "ಬ್ಯುಸಿ" ಎಂದು ಬರುತ್ತಿದೆ, ಎಂಡಿಸ್ಟ್ಯಾಟ್‌ನಲ್ಲಿ ಮಾತ್ರ ಏನೂ ಇಲ್ಲ ಎಂದಾದರೆ /ಸಿಸ್/ಬ್ಲಾಕ್/ಎಸ್‌ಡಿಬಿ/ಹೋಲ್ಡರ್ಸ್ ಒಳಗೆ ನೋಡಿ. ಡಿಎಂ-0 ಎಂಬಂಥದ್ದು ಕಂಡರೆ ಡಿವೈಸ್ ಮ್ಯಾಪರ್ ಹಿಡಿದಿದೆ ಎಂದರ್ಥ, ಹೆಚ್ಚಾಗಿ ಮಲ್ಟಿಪಾತ್ ಅಥವಾ ಡಿಎಂರೇಡ್. ಒಂದೇ ದಾರಿಯ ಸಾಟಾ ಡಿಸ್ಕಿಗೆ ಮಲ್ಟಿಪಾತ್ ಬೇಕಾಗಿಲ್ಲ. ಅದರ ಕಾನ್ಫಿಗ್‌ನಲ್ಲಿ ಆ ಡಿಸ್ಕುಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡಿ, ಮ್ಯಾಪ್ ಬಿಡಿಸಿ, ಇನಿಟ್‌ರಾಮ್‌ಎಫ್‌ಎಸ್ ಮತ್ತೆ ಕಟ್ಟಿ.

"ಪರ್ಸನಾಲಿಟಿ ಫಾರ್ ಲೆವೆಲ್ 5 ಈಸ್ ನಾಟ್ ಲೋಡೆಡ್" ಎಂದು ಲಾಗ್‌ನಲ್ಲಿ ಇದ್ದರೆ ಮಾಡ್‌ಪ್ರೋಬ್ ರೇಡ್456 ಸಾಕು. ರೇಡ್ 0ದಲ್ಲಿ ಮಾತ್ರ ವಿಶೇಷ ಪ್ರಕರಣ ಒಂದಿದೆ. ಬೇರೆ ಬೇರೆ ಗಾತ್ರದ ಡಿಸ್ಕುಗಳಿಂದ ಕಟ್ಟಿದ ರೇಡ್ 0ದ ಡೇಟಾ ಹಂಚಿಕೆ ಕರ್ನಲ್ 3.14ರಲ್ಲಿ ಗೊತ್ತಿಲ್ಲದಂತೆ ಬದಲಾಯಿತು. ಅದು ಪತ್ತೆಯಾದ ಮೇಲೆ 5.4ರಿಂದ ಕರ್ನಲ್ ಊಹೆ ಮಾಡುವುದನ್ನೇ ನಿಲ್ಲಿಸಿ, ಇಂಥ ಅರೇಯನ್ನು ಎಬ್ಬಿಸಲು ನಿರಾಕರಿಸುತ್ತದೆ. ಬೂಟ್ ಸಾಲಿನಲ್ಲಿ ರೇಡ್0.ಡಿಫಾಲ್ಟ್_ಲೇಔಟ್=2 ಎಂದರೆ 3.14 ಮತ್ತು ನಂತರದ ಹಂಚಿಕೆ, 1 ಎಂದರೆ ಅದಕ್ಕೂ ಹಿಂದಿನದು. ಅರೇ ಕಟ್ಟಿ ತುಂಬಿಸಿದ ಕಾಲದ ಕರ್ನಲ್ ಯಾವುದೆಂದು ನೋಡಿ ಆರಿಸಿ, ರೀಡ್-ಓನ್ಲಿಯಲ್ಲಿ ಪರೀಕ್ಷಿಸಿ. ತಪ್ಪು ಆಯ್ಕೆಯಲ್ಲಿ ಬರೆದರೆ ದೊಡ್ಡ ಡಿಸ್ಕಿನ ಬಾಲದ ಭಾಗದ ಡೇಟಾ ಕೆಡುತ್ತದೆ.

ಸೂಪರ್‌ಬ್ಲಾಕೇ ಮಾಯ: ಇಡೀ ಡಿಸ್ಕಿನ ಮೇಲೆ ಕಟ್ಟಿದ ಅರೇ

ಪಾರ್ಟಿಷನ್ ಮಾಡದೆ ನೇರ ಎಸ್‌ಡಿಬಿ, ಎಸ್‌ಡಿಸಿ ಮೇಲೆ ಅರೇ ಕಟ್ಟುವ ಅಭ್ಯಾಸ ಬಹಳ ಕಡೆ ಇದೆ. ತಿಂಗಳುಗಟ್ಟಲೆ ಸರಿಯಾಗಿ ನಡೆದು, ಒಂದು ರೀಬೂಟ್ ಆದ ಮೇಲೆ ಎಲ್ಲ ಡಿಸ್ಕುಗಳ ಸೂಪರ್‌ಬ್ಲಾಕೂ ಒಟ್ಟಿಗೇ ಕಾಣೆಯಾಗುವುದು ಇಂಥ ಅರೇಗಳಲ್ಲೇ. --ಎಕ್ಸಾಮಿನ್ ಆಗ "ಎಕ್ಸ್‌ಪೆಕ್ಟೆಡ್ ಮ್ಯಾಜಿಕ್ ಎ92ಬಿ4ಇಎಫ್‌ಸಿ, ಗಾಟ್ 00000000" ಎನ್ನುತ್ತದೆ.

ಕಾರಣ ಬೈಟ್ ಲೆಕ್ಕದಲ್ಲಿದೆ. 1.2 ಸೂಪರ್‌ಬ್ಲಾಕ್ ಕೂರುವುದು ಡಿಸ್ಕಿನ ಆರಂಭದಿಂದ 4096ನೇ ಬೈಟಿನಲ್ಲಿ. ಜಿಪಿಟಿ ಎಂಬ ಪಾರ್ಟಿಷನ್ ಟೇಬಲ್‌ನಲ್ಲಿ 512ನೇ ಬೈಟಿನಿಂದ ಹೆಡರ್, 1024ರಿಂದ ಪಾರ್ಟಿಷನ್ ನಮೂದುಗಳು. ನಮೂದುಗಳು 128, ಒಂದೊಂದೂ 128 ಬೈಟ್, ಒಟ್ಟು 16384. ಅಂದರೆ ಟೇಬಲ್ 17408ರವರೆಗೆ ಚಾಚಿರುತ್ತದೆ. ಸೂಪರ್‌ಬ್ಲಾಕ್ ಸರಿಯಾಗಿ ಅದರ ನಡುವೆ. ಹಿಂದೆ ಜಿಪಿಟಿ ಇದ್ದ ಡಿಸ್ಕಿಗೆ ನೇರ ಅರೇ ಕಟ್ಟಿದರೆ ಮುಂದಿನ ಟೇಬಲ್ ಹಾಳಾದರೂ ಡಿಸ್ಕಿನ ಕೊನೆಯ ಬ್ಯಾಕಪ್ ಟೇಬಲ್ ಹಾಗೇ ಉಳಿದಿರಬಹುದು. ಕೆಲವು ಮದರ್‌ಬೋರ್ಡುಗಳ ಯುಇಎಫ್‌ಐ ಫರ್ಮ್‌ವೇರ್ ಬೂಟ್ ಆಗುವಾಗ "ಮುಂದಿನ ಟೇಬಲ್ ಕೆಟ್ಟಿದೆ, ಹಿಂದಿನದು ಚೆನ್ನಾಗಿದೆ" ಎಂದು ಕಂಡು, ಕೇಳದೆ ಅದನ್ನು ಮುಂದಕ್ಕೆ ನಕಲು ಮಾಡುತ್ತದೆ. ಖಾಲಿ ನಮೂದುಗಳ ಸೊನ್ನೆಗಳು ಸೂಪರ್‌ಬ್ಲಾಕ್ ಮೇಲೆ ಬೀಳುತ್ತವೆ. ಡೇಟಾ ಶುರುವಾಗುವುದು ಸಾಮಾನ್ಯವಾಗಿ ಇನ್ನೂ ಬಹಳ ಮುಂದೆ, ಹಾಗಾಗಿ ಅದಕ್ಕೆ ಏನೂ ಆಗಿರುವುದಿಲ್ಲ. ಡಿಸ್ಕಿನ ಯುಟಿಲಿಟಿಗಳು "ಟೇಬಲ್ ಸರಿಮಾಡಲೇ?" ಎಂದು ಕೇಳಿದಾಗ ಹೌದು ಎಂದರೂ ಫಲ ಒಂದೇ.

ಬೇರೆಲ್ಲ ಕಡೆ ಬೇಡ ಎಂದ --ಕ್ರಿಯೇಟ್ ಇಲ್ಲಿ ಮಾತ್ರ ಬೇಕಾಗುತ್ತದೆ. ಆದರೆ ನಿಜವಾದ ಡಿಸ್ಕಿನ ಮೇಲೆ ನೇರವಾಗಿ ಅಲ್ಲ, ಓವರ್‌ಲೇ ಮೇಲೆ. ಪ್ರತಿ ಡಿಸ್ಕಿಗೂ ಟ್ರಂಕೇಟ್ -ಎಸ್ 4ಜಿ ಕೊಟ್ಟು ಒಂದು ಸ್ಪಾರ್ಸ್ ಫೈಲು ಮಾಡಿ, ಅದನ್ನು ಎಲ್‌ಒಸೆಟಪ್‌ನಿಂದ ಲೂಪ್ ಡಿವೈಸ್ ಆಗಿಸಿ. ಬ್ಲಾಕ್‌ಡೆವ್ --ಗೆಟ್‌ಎಸ್‌ಝಡ್ ಕೊಡುವ ಸೆಕ್ಟರ್ ಸಂಖ್ಯೆ ಬಳಸಿ ಹೀಗೆ:

ಎಕೋ "0 ಸೆಕ್ಟರ್‌ಸಂಖ್ಯೆ ಸ್ನ್ಯಾಪ್‌ಶಾಟ್ /ಡೆವ್/ಎಸ್‌ಡಿಬಿ /ಡೆವ್/ಲೂಪ್0 ಪಿ 8" | ಡಿಎಂಸೆಟಪ್ ಕ್ರಿಯೇಟ್ ಓವಿಬಿ

ಇಲ್ಲಿ "ಪಿ" ದೊಡ್ಡಕ್ಷರ. ಈಗ /ಡೆವ್/ಮ್ಯಾಪರ್/ಓವಿಬಿ ಮೇಲೆ ಏನು ಬರೆದರೂ ಫೈಲಿಗೆ ಹೋಗುತ್ತದೆ, ನಿಜ ಡಿಸ್ಕು ಮುಟ್ಟುವುದಿಲ್ಲ. ತಪ್ಪಾದರೆ ಓವರ್‌ಲೇ ಕಿತ್ತು ಮತ್ತೆ ಮಾಡಿದರಾಯಿತು. ಎಷ್ಟು ಸಲ ಬೇಕಾದರೂ ಪ್ರಯತ್ನಿಸಬಹುದು ಎಂಬ ಧೈರ್ಯದಿಂದಲೇ ಈ ಕೆಲಸ ಸಾಧ್ಯ.

ಎಂಡಿಎಡಿಎಂ --ಕ್ರಿಯೇಟ್ /ಡೆವ್/ಎಂಡಿ0 --ಅಸ್ಯೂಮ್-ಕ್ಲೀನ್ --ಲೆವೆಲ್=5 --ರೇಡ್-ಡಿವೈಸಸ್=4 --ಮೆಟಾಡೇಟಾ=1.2 --ಚಂಕ್=512 --ಡೇಟಾ-ಆಫ್‌ಸೆಟ್=132096 ಕೊಟ್ಟು, ಆಮೇಲೆ ಓವರ್‌ಲೇಗಳನ್ನು ಹಳೆಯ ಕ್ರಮದಲ್ಲಿ. ಅನುಮಾನದ ಡಿಸ್ಕಿನ ಜಾಗದಲ್ಲಿ "ಮಿಸ್ಸಿಂಗ್" ಎಂದು ಹಾಕಿದರೆ ಅರೇ ಡಿಗ್ರೇಡೆಡ್ ಆಗಿ ಎದ್ದು ರೀಸಿಂಕ್‌ಗೆ ಅವಕಾಶವೇ ಇರುವುದಿಲ್ಲ.

ಸಂಖ್ಯೆಗಳಲ್ಲಿ ಎರಡು ಬಲೆಗಳಿವೆ. ಈಗಿನ ಡಿಫಾಲ್ಟ್ ಚಂಕ್ 512 ಕೆಬಿ, ಹಳೆಯ ಎಂಡಿಎಡಿಎಂ ಕಟ್ಟಿದ ಅರೇಯಲ್ಲಿ 64 ಕೆಬಿ. ಡೇಟಾ ಆಫ್‌ಸೆಟ್ ಡಿಫಾಲ್ಟ್ ಕೂಡ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಅದರಲ್ಲೂ --ಎಕ್ಸಾಮಿನ್ ಅದನ್ನು ಸೆಕ್ಟರ್‌ಗಳಲ್ಲಿ ತೋರಿಸುತ್ತದೆ, ಉದಾಹರಣೆಗೆ 264192; --ಕ್ರಿಯೇಟ್ ಮಾತ್ರ ಕಿಲೋಬೈಟ್‌ನಲ್ಲಿ ಕೇಳುತ್ತದೆ. ಅರ್ಧ ಮಾಡಿ 132096 ಕೊಡಬೇಕು. ಹಳೆಯ --ಎಕ್ಸಾಮಿನ್ ಔಟ್‌ಪುಟ್ ಉಳಿಸಿಟ್ಟಿದ್ದರೆ ಇದು ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ನಾಲ್ಕು ಡಿಸ್ಕಿಗೆ 24 ಕ್ರಮಗಳು, ಒಂದೊಂದಕ್ಕೂ ಚಂಕ್ ಮತ್ತು ಆಫ್‌ಸೆಟ್ ಬದಲಿಸುತ್ತಾ ಎಫ್‌ಎಸ್‌ಸಿಕೆ -ಎನ್ ಶುದ್ಧವಾಗಿ ಬರುವ ತನಕ ಹುಡುಕಬೇಕು. ಸರಿಯಾದ ಕ್ರಮದಲ್ಲಿ ದೊಡ್ಡ ಫೈಲುಗಳೂ ತೆರೆಯುತ್ತವೆ. ಒಂದು ಚಂಕ್‌ಗಿಂತ ಚಿಕ್ಕ ಫೈಲು ತೆರೆಯಿತು ಎಂದ ಮಾತ್ರಕ್ಕೆ ಕ್ರಮ ಸರಿ ಎಂದುಕೊಳ್ಳಬೇಡಿ. ಕೆಲವು ಎಂಬಿಯ ಫೋಟೋ, ಜಿಪ್ ಫೈಲುಗಳನ್ನು ಪರೀಕ್ಷಿಸಿ.

ಓವರ್‌ಲೇ ಮೇಲೆ ಸರಿಬಂದ ಕಮಾಂಡನ್ನೇ ನಿಜ ಡಿಸ್ಕುಗಳ ಮೇಲೆ ಕೊಟ್ಟ ನಂತರ, ಮತ್ತೆ ಹೀಗಾಗದಿರಲು ಡಿಸ್ಕಿನಲ್ಲಿ ಉಳಿದ ಜಿಪಿಟಿ ಗುರುತು ಹೋಗಬೇಕು. ಇಲ್ಲಿ ಎಸ್‌ಜಿಡಿಸ್ಕ್ --ಝ್ಯಾಪ್-ಆಲ್ ಕೊಡಬೇಡಿ, ಅದು ನಮೂದುಗಳ ಜಾಗವನ್ನೆಲ್ಲ ಸೊನ್ನೆ ಮಾಡುವಾಗ ಈಗಷ್ಟೇ ಉಳಿಸಿಕೊಂಡ ಸೂಪರ್‌ಬ್ಲಾಕೂ ಹೋಗುತ್ತದೆ. ವೈಪ್‌ಎಫ್‌ಎಸ್ -ಎ -ಟಿ ಜಿಪಿಟಿ ಮ್ಯಾಜಿಕ್ ಬೈಟುಗಳನ್ನಷ್ಟೇ ತೆಗೆಯುತ್ತದೆ. ಮೊದಲು --ನೋ-ಆ್ಯಕ್ಟ್ ಸೇರಿಸಿ ನೋಡಿಕೊಳ್ಳಿ. ಹೊಸದಾಗಿ ಕಟ್ಟುವವರು ಜಿಪಿಟಿ ಹಾಕಿ, ಒಂದೇ ಪಾರ್ಟಿಷನ್ ಮಾಡಿ, ಕೊನೆಯಲ್ಲಿ 100 ಎಂಬಿ ಖಾಲಿ ಬಿಟ್ಟು ಅದರ ಮೇಲೆ ಅರೇ ಕಟ್ಟಿ. ಬದಲಿ ಡಿಸ್ಕು ಕೆಲವು ಸೆಕ್ಟರ್ ಚಿಕ್ಕದಿದ್ದರೂ ಆಗ ಸೇರುತ್ತದೆ. ಇಡೀ ಡಿಸ್ಕಿನ ಅರೇಯಿಂದ ಸಿಗುವ ಅನುಕೂಲ ಯಾವುದೂ ಈ ಅಪಾಯಕ್ಕೆ ಸಮನಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಎದ್ದ ಅರೇ ಮುಂದಿನ ಬೂಟ್‌ನಲ್ಲೂ ಏಳಬೇಕು

ಅರೇ ಪೂರ್ತಿ ಆಕ್ಟಿವ್ ಆದ ಮೇಲೆಯೇ ಎಂಡಿಎಡಿಎಂ --ಡೀಟೇಲ್ --ಸ್ಕ್ಯಾನ್ ಕೊಡಿ. ಇನ್‌ಆಕ್ಟಿವ್ ಇರುವಾಗ ಕೊಟ್ಟರೆ "ಇನ್‌ಆಕ್ಟಿವ್-ಅರೇ" ಎಂದು ಶುರುವಾಗುವ ಸಾಲು ಬರುತ್ತದೆ. ಅದನ್ನು ಕಾನ್ಫಿಗ್‌ಗೆ ಸೇರಿಸಿದರೆ ಪ್ರಯೋಜನವಿಲ್ಲ. ಫೈಲು ಡೆಬಿಯನ್, ಉಬುಂಟುಗಳಲ್ಲಿ /ಇಟಿಸಿ/ಎಂಡಿಎಡಿಎಂ/ಎಂಡಿಎಡಿಎಂ.ಕಾನ್ಫ್, ಫೆಡೋರಾ, ರೆಡ್ ಹ್ಯಾಟ್ ಬಳಗದಲ್ಲಿ /ಇಟಿಸಿ/ಎಂಡಿಎಡಿಎಂ.ಕಾನ್ಫ್. ಎರಡು ಬಾಣದ ಗುರುತಿನಿಂದ ಕೊನೆಗೆ ಸೇರಿಸುತ್ತಾ ಹೋದರೆ ಒಂದೇ ಅರೇಗೆ ಎರಡು ಮೂರು ಸಾಲಾಗಿ ಹಳೆಯ ಯುಯುಐಡಿಯೂ ಉಳಿಯುತ್ತದೆ, ಎಡಿಟರ್‌ನಲ್ಲಿ ತೆರೆದು ಹಳೆಯದನ್ನು ಅಳಿಸಿ. ಸಾಲಿನಲ್ಲಿ ಯುಯುಐಡಿ ಇದ್ದರೆ ಸಾಕು. ಫೈಲಿನಲ್ಲಿ "ಆಟೋ -ಆಲ್" ಎಂಬ ಸಾಲು ಎಲ್ಲಾದರೂ ಇದೆಯೇ ಎಂದೂ ನೋಡಿ. ಇದ್ದರೆ ಪಟ್ಟಿಯಲ್ಲಿಲ್ಲದ ಅರೇ ಯಾವುದೂ ತಾನಾಗಿ ಏಳುವುದಿಲ್ಲ.

ಆಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು, ಅಥವಾ ಡ್ರಾಕಟ್ -ಎಫ್. ಈ ಹೆಜ್ಜೆ ಮರೆತರೆ ಬೂಟ್ ಸಮಯದಲ್ಲಿ ಓದುವುದು ಇನಿಟ್‌ರಾಮ್‌ಎಫ್‌ಎಸ್ ಒಳಗಿನ ಹಳೆಯ ಪ್ರತಿಯನ್ನೇ, ಎಂಡಿ127 ಮತ್ತೆ ಹಾಜರಾಗುತ್ತದೆ. ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್ ಅಥವಾ ಎಲ್‌ಎಸ್‌ಇನಿಟ್‌ಆರ್‌ಡಿಯಿಂದ ಒಳಗೆ ಫೈಲು ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಡ್ರಾಕಟ್ ಇರುವ ಕಡೆ ಬೂಟ್ ಸಾಲಿನಲ್ಲಿ ಆರ್‌ಡಿ.ಎಂಡಿ.ಯುಯುಐಡಿ= ಎಂದು ಹಳೆಯ ಅರೇಯ ಸಂಖ್ಯೆ ಉಳಿದಿದ್ದರೆ ಅದನ್ನೂ ಬದಲಿಸಬೇಕು.

ಎಫ್‌ಎಸ್‌ಟ್ಯಾಬ್‌ನಲ್ಲಿ ಎಂಡಿ0 ಎಂಬ ಹೆಸರಿನ ಬದಲು ಫೈಲ್‌ಸಿಸ್ಟಮ್ಮಿನ ಯುಯುಐಡಿ ಬರೆಯಿರಿ. ಬಿಎಲ್‌ಕೆಐಡಿಗೆ /ಡೆವ್/ಎಂಡಿ0 ಕೊಟ್ಟಾಗ ಬರುವುದು ಅದು. ಎಸ್‌ಡಿಬಿ1 ಕೊಟ್ಟಾಗ ಬರುವುದು ಅರೇಯ ಯುಯುಐಡಿ, ಎಲ್ಲ ಸದಸ್ಯರಿಗೂ ಒಂದೇ. ಅದನ್ನು ಹಾಕಿದರೆ ಎಂದಿಗೂ ಮೌಂಟ್ ಆಗದು. ಡೇಟಾ ಅರೇಗೆ ನೋಫೇಲ್ ಸೇರಿಸಿ. ಇಲ್ಲದಿದ್ದರೆ ಅರೇ ಬರದ ದಿನ ಸಿಸ್ಟಮ್‌ಡಿ 90 ಸೆಕೆಂಡು ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳುತ್ತದೆ, ದೂರದ ಸರ್ವರ್ ಆದರೆ ಎಸ್‌ಎಸ್‌ಎಚ್ ಕೂಡ ಸಿಗದು. ಅರೇ ಮೇಲೆ ಎಲ್‌ವಿಎಂ ಇದ್ದರೆ, ವಿಶೇಷವಾಗಿ ನಾಸ್ ಪೆಟ್ಟಿಗೆಯಿಂದ ತೆಗೆದ ಡಿಸ್ಕುಗಳಲ್ಲಿ, ಜೋಡಣೆಯಾದ ಮೇಲೆ ವಿಜಿಚೇಂಜ್ -ಎವೈ ಕೊಟ್ಟ ನಂತರವೇ ವಾಲ್ಯೂಮ್ ಕಾಣುತ್ತದೆ.

ಕಾನ್ಫಿಗ್‌ನಲ್ಲಿ ಮೇಲ್‌ಅಡ್ರ್ ಸಾಲಿನಲ್ಲಿ ನೀವು ನಿಜವಾಗಿ ನೋಡುವ ಇಮೇಲ್ ವಿಳಾಸ ಕೊಟ್ಟು, ಎಂಡಿಎಡಿಎಂ --ಮಾನಿಟರ್ --ಸ್ಕ್ಯಾನ್ --ಒನ್‌ಶಾಟ್ --ಟೆಸ್ಟ್ ಓಡಿಸಿ. ಪ್ರತಿ ಅರೇಗೂ ಒಂದು ಪರೀಕ್ಷಾ ಪತ್ರ ಬರಬೇಕು. ಬರದಿದ್ದರೆ ಸರ್ವರ್‌ನಲ್ಲಿ ಮೇಲ್ ಕಳಿಸುವ ವ್ಯವಸ್ಥೆ ಇಲ್ಲ ಎಂದರ್ಥ, ಮೊದಲು ಅದನ್ನು ಸರಿಮಾಡಿ. ಮೇಲಿನ ಉದಾಹರಣೆಯ ಎಸ್‌ಡಿಡಿ1 ಹೊರಬಿದ್ದ ದಿನವೇ ಪತ್ರ ಬಂದಿದ್ದರೆ --ಫೋರ್ಸ್ ತನಕ ಹೋಗಬೇಕಾಗುತ್ತಿರಲಿಲ್ಲ. ಇಷ್ಟಾದ ಮೇಲೆ, ಕನ್ಸೋಲ್ ಮುಂದೆ ನೀವೇ ಕುಳಿತಿರುವಾಗ ಒಮ್ಮೆ ರೀಬೂಟ್ ಮಾಡಿ ಎಂಡಿಸ್ಟ್ಯಾಟ್ ನೋಡಿ. ಚೌಕ ಆವರಣದಲ್ಲಿ ನಾಲ್ಕು ಯು ಅಕ್ಷರ ಕಂಡರೆ ನಾಲ್ಕೂ ಸದಸ್ಯರು ಹಾಜರಿದ್ದಾರೆ. ಎಲ್ಲಾದರೂ ಅಡಿಗೆರೆ ಇದ್ದರೆ ಆ ಸ್ಥಾನದ ಡಿಸ್ಕಿನ ಸೀರಿಯಲ್ ನಂಬರನ್ನು ಬರೆದಿಟ್ಟ ಪಟ್ಟಿಯಲ್ಲಿ ಹುಡುಕಿ.